ನಿಮಗಿದು ಗೊತ್ತೇ? ದಪ್ಪಿನ ಪೆಟ್ಟಿಗೆ ದೇಶದ ಚರಿತ್ರೆ!

ಹಾಡು, ಅಭಿನಯ, ನಡುನಡುವೆ ಕಥೆ, ಅದರೊಳಗೆ ದೇಶದ ಇತಿಹಾಸ. ಇಂಥ ಕಾರ್ಯಕ್ರಮಕ್ಕೆ ದೊಡ್ಡ ಊರಿನವರು ಟಿಕೆಟ್ ತೆಗೆಸಿ ಹೋಗುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಜಾತ್ರೆಗಳಲ್ಲಿ ಇದು ಗುಡಿ ಮುಂದೆ ಬೆಳಗಿನತನಕ ನಡೆಯುತ್ತದೆ. ಅದೂ ಪುಕ್ಕಟೆ!

ಇದನ್ನು ನಡೆಸುವ ಗೀಗೀ ಮೇಳಕ್ಕೆ ಎಷ್ಟು ಜನ ಬೇಕು ಹೇಳಿ? ಮೂರ್ನಾಲ್ಕು ಮಂದಿ ಸಾಕು! ಮುಂದೆ ನಿಂತವನ ಕೈಯಲ್ಲಿ ದಪ್ಪು ಎಂಬ ಚರ್ಮವಾದ್ಯ. ಹಿಂದಿನವರಿಗೆ ತಾಳ ಮತ್ತು ತುಂತುಣಿ. ತುಂತುಣಿಯ ತಳಕ್ಕೆ ಚರ್ಮದ ಹೊದಿಕೆ, ಪಕ್ಕಕ್ಕೊಂದು ಕೋಲು, ನಡುವೆ ಬಿಗಿದ ಒಂದೇ ಒಂದು ತಂತಿ. ಮುಂದಿನವನು ನುಡಿ ಮುಗಿಸಿದನೋ ಇಲ್ಲವೋ, ಹಿಂದಿನವರು ‘ಗೀ ಗೀ’ ಎಂದು ಎತ್ತಿಕೊಳ್ಳುತ್ತಾರೆ. ಇಷ್ಟೇ ಸಾಮಾನು. ಇಷ್ಟರಲ್ಲೇ ಯುದ್ಧವೂ ನಡೆಯುತ್ತದೆ, ರಾಜ್ಯವೂ ಉರುಳುತ್ತದೆ!

ಹರದೇಶಿ–ನಾಗೇಶಿ ಮೇಳಗಳ ವಾದ ಕೇಳಿದ್ದೀರಾ? ಹರದೇಶಿಯವರದು ಶಿವನ ಪಕ್ಷ, ಗಂಡೇ ಹೆಚ್ಚು ಎನ್ನುತ್ತಾರೆ. ನಾಗೇಶಿಯವರದು ಶಕ್ತಿಯ ಪಕ್ಷ, ಹೆಣ್ಣೇ ಹೆಚ್ಚು ಎನ್ನುತ್ತಾರೆ. ಸವಾಲೂ ಹಾಡಿನಲ್ಲೇ, ಜವಾಬೂ ಹಾಡಿನಲ್ಲೇ. ಕೋಳಿ ಕೂಗಿದರೂ ವಾದ ಮುಗಿಯದು!

ಈಗ ಕೇಳಿ, ಇದು ನಿಜಕ್ಕೂ ಸೋಜಿಗ. ಬ್ರಿಟಿಷರ ವಿರುದ್ಧ ಬಂಡೆದ್ದವರನ್ನು ಹೊಗಳುವ ಲಾವಣಿಗಳನ್ನು ಮೊದಲು ಅಚ್ಚು ಹಾಕಿಸಿದ್ದು ಯಾರು? ಒಬ್ಬ ಬ್ರಿಟಿಷ್ ಅಧಿಕಾರಿಯೇ! ಹೆಸರು ಜಾನ್ ಫೇಯ್ತ್‌ಫುಲ್ ಫ್ಲೀಟ್. ಶಾಸನ ಓದುವುದರಲ್ಲಿ ನಿಪುಣ. ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿ ಎರಡನ್ನೂ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದ. ಅವನ ಸಂಗ್ರಹದಲ್ಲಿ ಆದಾಯ ತೆರಿಗೆಯ ಮೇಲೂ ಒಂದು ಲಾವಣಿ ಇತ್ತು! ತೆರಿಗೆಯ ಸಂಕಟವನ್ನೂ ನಮ್ಮವರು ಹಾಡಿಬಿಟ್ಟಿದ್ದರು.

ಹಲಗಲಿ ಇರುವುದು ಮುಧೋಳ ತಾಲ್ಲೂಕಿನಲ್ಲಿ. 1857ರಲ್ಲಿ ‘ಆಯುಧ ಒಪ್ಪಿಸಿ’ ಎಂದು ಸರ್ಕಾರದ ಹುಕುಂ ಬಂತು. ಬೇಡರ ಜಡಗ, ಬಾಲ, ಹನುಮ, ರಾಮ ನಾಲ್ವರೂ ‘ಆಗದು’ ಎಂದರು. ಸರ್ಕಾರದ ದಂಡು ಊರಿಗೇ ಬೆಂಕಿ ಇಟ್ಟಿತು. ಈ ಲಾವಣಿ ಕಟ್ಟಿದ ಕವಿಯ ಕಣ್ಣು ಎಲ್ಲೆಲ್ಲಿ ಹರಿದಿದೆ ನೋಡಿ. ಸಿಪಾಯಿಗಳು ದೋಚಿದ್ದೆಲ್ಲದರ ಪಟ್ಟಿಯೇ ಹಾಡಿನಲ್ಲಿದೆ! ಕೊಡಲಿ, ಹಾಲು, ಮೊಸರು, ಉಪ್ಪು, ಜೀರಿಗೆ, ಮಂಗಳಸೂತ್ರ, ಕಡೆಗೆ ಬೀಸುವ ಕಲ್ಲು ಕೂಡ! ಲೂಟಿಯಾದ ಅಡುಗೆಮನೆಯ ಲೆಕ್ಕವನ್ನು ಯಾವ ಸರ್ಕಾರಿ ವರದಿ ಇಷ್ಟು ಚೊಕ್ಕವಾಗಿ ಬರೆದೀತು? ಹಾಡಿನ ಕೊನೆಗೆ ಕವಿ ಸ್ಮರಿಸುವುದು ಕುರ್ತಕೋಟಿಯ ದೇವರು ಕಲ್ಮೇಶನನ್ನು. ಹತ್ತನೆಯ ತರಗತಿಯ ಮಕ್ಕಳು ಪಠ್ಯದಲ್ಲಿ ಓದಿದ್ದು ಇದೇ ಲಾವಣಿಯನ್ನು!

ಇನ್ನು ಮೊದಲ ಲಾವಣಿಯ ನಾಯಕ ಸಂಗೊಳ್ಳಿ ರಾಯಣ್ಣ. ಅವನ ಜನ್ಮದಿನ ಆಗಸ್ಟ್ 15. ನಂದಗಡದಲ್ಲಿ ಬ್ರಿಟಿಷರು ಅವನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಒಂದು ಸ್ವಾತಂತ್ರ್ಯ ದಿನ, ಇನ್ನೊಂದು ಗಣರಾಜ್ಯ ದಿನ. ಮೈ ಜುಮ್ಮೆನ್ನುವುದಿಲ್ಲವೇ?

ಕ್ರಿ.ಶ. 680ರ ಒಂದು ಯುದ್ಧದ ಕಥೆ ಜೇವರ್ಗಿಯ ಹಳ್ಳಿಯಲ್ಲಿ ಕನ್ನಡದಲ್ಲಿ ಕೇಳಿಸುತ್ತದೆ! ಅದು ಇರಾಕಿನ ಕರ್ಬಲಾದ ಕಾಳಗ. ಮೊಹರಂ ಬಂತೆಂದರೆ ಅಲಾಯಿ ಬೆಂಕಿಯ ಕುಣಿಯ ಬಳಿ ಆ ಕಥೆಯ ರಿವಾಯತ್ ಪದಗಳು ಶುರು. ಹಾಡುವವರು ದುಂಡಗೆ ನಿಂತು ಹೆಜ್ಜೆ ಹಾಕುತ್ತಾರೆ. ಹಿಂದೂಗಳೂ ಹಾಡುತ್ತಾರೆ, ಮುಸ್ಲಿಮರೂ ಹಾಡುತ್ತಾರೆ. ಮರುಭೂಮಿಯಲ್ಲಿ ನೀರಿಲ್ಲದೆ ಬಳಲಿದವರ ಕಥೆಗೆ ಕೇಳುವವರ ಕಣ್ಣಲ್ಲಿ ನೀರು!

ಇಂಥ ಬೆಸುಗೆ ತತ್ವಪದಗಳಲ್ಲೂ ಉಂಟು. ತತ್ವಪದಕಾರ ಕಡಕೋಳ ಮಡಿವಾಳಪ್ಪ ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ. ನೆಲೆ ನಿಂತದ್ದು ಹಳೆಯ ಜೇವರ್ಗಿ ತಾಲ್ಲೂಕಿನ ಕಡಕೋಳದಲ್ಲಿ. ಅವರ ಶಿಷ್ಯರಲ್ಲಿ ಒಬ್ಬರು ಚೆನ್ನೂರ ಜಲಾಲಸಾಹೇಬರು. ಗುರುವಿನಂತೆಯೇ ಅವರೂ ಪದ ಕಟ್ಟಿದವರು!

ಅಫಜಲಪುರಕ್ಕೆ ನೆರೆಯ ಇಂಡಿ ಸೀಮೆಯಲ್ಲಿದೆ ಹಲಸಂಗಿ. ಅಲ್ಲಿನ ಖಾಜಾಭಾಯಿ ಹೆಸರಾಂತ ಲಾವಣಿಕಾರ. ಅದೇ ಊರಿನ ಗೆಳೆಯರ ಗುಂಪು ಹೆಂಗಸರ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದಿತು. ಎರಡೇ ವರ್ಷಕ್ಕೆ ಲಾವಣಿಗಳ ಸಂಗ್ರಹ ‘ಜೀವನ ಸಂಗೀತ’ವೂ ಬಂತು. ಒಂದು ಪುಟ್ಟ ಹಳ್ಳಿಯ ಕೆಲಸ ಇದು!

ಸ್ವಾತಂತ್ರ್ಯದ ಚಳವಳಿಯಲ್ಲೂ ಹಾಡಿತ್ತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿದ್ದು ಅಲ್ಲೇ. ಅಲ್ಲಿ ಹಾಡಿದ ಹುಡುಗಿಯರಲ್ಲಿ ಒಬ್ಬಳು ಮುಂದೆ ಏನಾದಳು ಗೊತ್ತೇ? ಹೆಸರಾಂತ ಗಾಯಕಿ ಗಂಗೂಬಾಯಿ ಹಾನಗಲ್!

ಒಂದು ಹಾಡು ಹಾಡಿದ್ದಕ್ಕೆ ಕಾಲೇಜಿನಿಂದ ಹೊರಗೆ! ಹೌದು, 1938ರಲ್ಲಿ ನಿಜಾಮರ ಹೈದರಾಬಾದಿನಲ್ಲಿ ನಡೆದದ್ದು. ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಲ್ಲಿ ವಂದೇ ಮಾತರಂ ಹಾಡಬಾರದೆಂದು ನಿಷೇಧ ಬಂತು. ಹುಡುಗರು ಬಿಡಲಿಲ್ಲ. ನೂರಾರು ಮಂದಿಯನ್ನು ಹೊರಹಾಕಿದರು. ಚಳವಳಿಯ ಬಿಸಿ ಕಲಬುರಗಿಯ ಕಾಲೇಜಿಗೂ ತಟ್ಟಿತು. ಹೊರಬಿದ್ದವರಿಗೆ ನಾಗಪುರ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಹಾಗೆ ನಾಗಪುರಕ್ಕೆ ಹೋದವರಲ್ಲಿ ಒಬ್ಬರು ಪಿ.ವಿ. ನರಸಿಂಹರಾವ್. ಮುಂದೆ ದೇಶದ ಪ್ರಧಾನಿ!

ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಇನ್ನೂ ನಿಜಾಮರ ಕೈಯಲ್ಲೇ ಇದ್ದವು. ಬಿಡುಗಡೆಯಾದದ್ದು 1948ರ ಸೆಪ್ಟೆಂಬರ್ 17ಕ್ಕೆ. ಅಂದರೆ 13 ತಿಂಗಳು ತಡವಾಗಿ! ಅದಕ್ಕೇ ಇಲ್ಲಿ ತ್ರಿವರ್ಣ ಧ್ವಜ ಆಗಸ್ಟ್ 15ಕ್ಕೂ ಏರುತ್ತದೆ, ಸೆಪ್ಟೆಂಬರ್ 17ಕ್ಕೂ ಏರುತ್ತದೆ.

ಆ ದಿನಗಳ ಪದ ಬಲ್ಲ ಅಜ್ಜ–ಅಜ್ಜಿಯರು ನಿಮ್ಮೂರಲ್ಲಿ ಇದ್ದಾರೆಯೇ? ಇದ್ದರೆ ತಡಮಾಡಬೇಡಿ. ಪಕ್ಕದಲ್ಲಿ ಕುಳಿತು, ಅವರನ್ನು ಕೇಳಿ, ಒಪ್ಪಿದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹಾಡಿದವರ ಹೆಸರು, ಊರು, ತಾರೀಖು ಬರೆದಿಡುವುದನ್ನು ಮಾತ್ರ ಮರೆಯಬೇಡಿ!