ಹವಳ ಬರೆದಿಟ್ಟ ಲೆಕ್ಕ

೨೦೦೪ರ ಡಿಸೆಂಬರ್ ೨೬ರ ಭೂಕಂಪವೆಂದರೆ ನಮಗೆ ನೆನಪಾಗುವುದು ಸುನಾಮಿಯ ಅಲೆ. ನನ್ನನ್ನು ಬಹುಕಾಲ ಕಾಡಿದ್ದು ಬೇರೊಂದು ಸಂಗತಿ. ಅಂದು ಅಂಡಮಾನಿನ ವಾಯವ್ಯ ತೀರದಲ್ಲಿ ಹವಳದ ದಿಬ್ಬಗಳು ನೀರಿನಿಂದ ಮೇಲೆದ್ದು ಬಿಸಿಲಿಗೆ ಒಣಗಿ ಸತ್ತವು. ಅದೇ ದ್ವೀಪಮಾಲೆಯ ದಕ್ಷಿಣದ ತುದಿಯಲ್ಲಿ ನೆಲ ನಾಲ್ಕು ಮೀಟರಿಗೂ ಮಿಕ್ಕಿ ತಗ್ಗಿ, ಇಂದಿರಾ ಪಾಯಿಂಟಿನ ದೀಪಸ್ತಂಭದ ಬುಡ ಸಮುದ್ರದ ಪಾಲಾಯಿತು. ಇಂದು ಶ್ರೀವಿಜಯಪುರವೆನಿಸಿರುವ ಪೋರ್ಟ್ ಬ್ಲೇರ್ ಕೂಡ ಸುಮಾರು ಒಂದು ಮೀಟರ್ ಇಳಿಯಿತು. ಒಂದೇ ಕಂಪ ಒಂದು ತೀರವನ್ನು ಎತ್ತಿ ಇನ್ನೊಂದನ್ನು ಮುಳುಗಿಸುವುದೆಂತು?

ಹಿಂದೂ ಮಹಾಸಾಗರದ ಭಾರವಾದ ತಳ ವರ್ಷಕ್ಕೆ ಕೆಲವು ಸೆಂಟಿಮೀಟರುಗಳಂತೆ ಸರಿಯುತ್ತ, ಈ ದ್ವೀಪಗಳನ್ನು ಹೊತ್ತ ಫಲಕದ ಅಡಿಗೆ ನುಗ್ಗುತ್ತಿದೆಯೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ನಾವು ಸಾಮಾನ್ಯವಾಗಿ ಕೆಳಗಿಳಿಯುವ ಫಲಕದ ಕತೆಯನ್ನು ಹೇಳಿ ಸುಮ್ಮನಾಗುತ್ತೇವೆ. ಕಂಪದ ಶಕ್ತಿ ಬಹುಮಟ್ಟಿಗೆ ಕೂಡಿಡಲ್ಪಡುವುದು ಮಾತ್ರ ಮೇಲಿನ ಫಲಕದ ಮೈಯಲ್ಲಿ.

ಒಂದು ಅಂಚೆ ಕಾರ್ಡನ್ನು ಮೇಜಿನ ಮೇಲಿಟ್ಟು, ಅದರ ಒಂದು ಅಂಚನ್ನು ಒತ್ತಿಹಿಡಿದು ಹಿಂದಕ್ಕೆ ನೂಕಿ ನೋಡಿ. ಅಂಚು ಮೇಜಿಗೆ ಅಂಟಿಯೇ ಇರುತ್ತದೆ, ನಡು ಉಬ್ಬುತ್ತದೆ. ಎರಡು ಫಲಕಗಳು ಘರ್ಷಣೆಯಿಂದ ಕಚ್ಚಿಕೊಂಡಿರುವ ಕಡೆ ಆಗುವುದೂ ಹೆಚ್ಚುಕಡಮೆ ಇದೇ. ಕೆಳಗಿನದು ಮೇಲಿನದರ ತುದಿಯನ್ನು ತನ್ನೊಡನೆ ಸೆಳೆದೊಯ್ಯುತ್ತದೆ; ಹಿಂದಿನ ನೆಲ ಮೆಲ್ಲಮೆಲ್ಲನೆ ಉಬ್ಬುತ್ತದೆ. ಶತಮಾನಗಳ ಬಳಿಕ ಹಿಡಿತ ತಪ್ಪಿದಾಗ ತುದಿ ಕೆಲವೇ ನಿಮಿಷಗಳಲ್ಲಿ ಮೇಲಕ್ಕೂ ಸಮುದ್ರದ ಕಡೆಗೂ ಚಿಮ್ಮುತ್ತದೆ, ಉಬ್ಬು ಕುಸಿಯುತ್ತದೆ. ಚಿಮ್ಮಿದ ತುದಿ ತನ್ನ ಮೇಲಿನ ನೀರನ್ನೂ ಎತ್ತುವುದರಿಂದಲೇ ಸುನಾಮಿ. ಸಾಗರದ ಕಂದಕಕ್ಕೆ ಸಮೀಪದ ತೀರ ಏಳುವುದೂ ದೂರದ್ದು ಮುಳುಗುವುದೂ ಹೀಗೆ.

ಈ ನಿಧಾನದ ಬಾಗುವಿಕೆಯನ್ನು ಉಪಕರಣಗಳು ಅಳೆಯತೊಡಗಿದ್ದು ಈಚೆಗೆ. ಅದಕ್ಕೆ ಹಿಂದಿನ ಲೆಕ್ಕವನ್ನು ಇಟ್ಟಿರುವುದು ಹವಳ. ಕೆರಿ ಸೀ ಎಂಬ ಅಮೆರಿಕದ ಭೂವಿಜ್ಞಾನಿಯೂ ಅವರ ಸಂಗಡಿಗರೂ ಸುಮಾತ್ರದ ಪಶ್ಚಿಮದ ದ್ವೀಪಗಳಲ್ಲಿ ಅದನ್ನು ಓದಿದರು. ಇಳಿತದ ಅತಿ ತಗ್ಗಿನ ಮಟ್ಟಕ್ಕಿಂತ ಮೇಲೆ ಹವಳದ ಜೀವಿ ಬದುಕಲಾರದು. ಆದುದರಿಂದ ಆ ಮಟ್ಟ ಮುಟ್ಟಿದ ಹವಳ ಚಪ್ಪಟೆಯಾಗಿ ಪಕ್ಕಕ್ಕೆ ಹರಡುತ್ತದೆ. ನೆಲ ತಗ್ಗಿದರೆ ಅದರ ಅಂಚು ಬಟ್ಟಲಿನಂತೆ ಮೇಲೇಳುತ್ತದೆ. ನೆಲ ಎದ್ದರೆ ನೆತ್ತಿ ಸಾಯುತ್ತದೆ. ಮರದಲ್ಲಿರುವಂತೆ ವರ್ಷಕ್ಕೊಂದು ಉಂಗುರ ಇರುವುದರಿಂದ ಕಾಲವನ್ನೂ ಗೊತ್ತುಹಚ್ಚಬಹುದು. ಮೆಂತವಾಯ್ ದ್ವೀಪಗಳ ಹವಳದಲ್ಲಿ ೧೭೯೭ ಮತ್ತು ೧೮೩೩ರ ಮಹಾಕಂಪಗಳು ಹೀಗೆ ದಾಖಲಾಗಿವೆ.

ಸಿಮೆಉಲುವೆ ಎಂಬ ದ್ವೀಪದ ಕತೆ ಇನ್ನೂ ಸ್ವಾರಸ್ಯದ್ದು. ೨೦೦೪ರಲ್ಲಿ ಅದರ ವಾಯವ್ಯ ತುದಿ ಸುಮಾರು ಒಂದೂವರೆ ಮೀಟರ್ ಎದ್ದಿತು. ಮೂರು ತಿಂಗಳು ಕಳೆದು, ೨೦೦೫ರ ಮಾರ್ಚ್ ೨೮ರಂದು ೮.೬ ಪ್ರಮಾಣದ ಇನ್ನೊಂದು ಕಂಪ ಅದರ ಆಗ್ನೇಯ ತುದಿಯನ್ನು ಎತ್ತಿತು. ನಡುವಿನ ನೆಲ ಎರಡು ಸಲವೂ ಹೆಚ್ಚು ಕದಲಲಿಲ್ಲ. ಸಾವಿರ ವರ್ಷಗಳಿಗೂ ಮಿಕ್ಕ ಹವಳವನ್ನು ನೋಡಿದಾಗ, ಬಿರುಕುಗಳು ಅಲ್ಲಿಗೆ ಬಂದು ನಿಲ್ಲುವುದು ಹಳೆಯ ವಾಡಿಕೆಯೆಂದು ತಿಳಿದುಬಂದಿತು. ಕಂಪ ಎಷ್ಟು ದೊಡ್ಡದಾದೀತೆಂಬುದು ಅದು ಎಲ್ಲಿ ನಿಲ್ಲುತ್ತದೆಂಬುದನ್ನು ಅವಲಂಬಿಸಿರುವುದರಿಂದ ಇದು ಸಣ್ಣ ಮಾತಲ್ಲ.

ಆದರೆ ಈ ಲೆಕ್ಕ ದಿನಾಂಕ ಹೇಳುವುದಿಲ್ಲ. ಹೇಳುತ್ತೇವೆನ್ನುವವರನ್ನು ನಾನು ನಂಬುವುದಿಲ್ಲ. ಮೆಂತವಾಯ್ ಭಾಗದಲ್ಲಿ ೨೦೦೭ರಲ್ಲಿ ೮.೪ರ ಕಂಪ ಬಂದರೂ ಹಿಡಿತ ಅಲ್ಲಲ್ಲಿ ಮಾತ್ರ ಸಡಿಲಿತು. ೨೦೧೦ರಲ್ಲಿ ಕಂದಕದ ಬಳಿಯಲ್ಲೇ ಜಾರಿದ ೭.೮ರ ಕಂಪ ದಡದವರಿಗೆ ಭಯ ಹುಟ್ಟಿಸುವಷ್ಟು ಅಲುಗಿಸಲಿಲ್ಲ; ಹಿಂದೆಯೇ ಬಂದ ಅಲೆಗೆ ನಾನೂರಕ್ಕೂ ಹೆಚ್ಚು ಜನ ಬಲಿಯಾದರು. ಸಿಬೇರುತ್ ದ್ವೀಪದ ಕೆಳಗಿನ ಬಿಗಿ ಇನ್ನೂ ಬಿಟ್ಟಿಲ್ಲ.

ಸಿಮೆಉಲುವೆಯ ಜನರಲ್ಲಿ ಇನ್ನೊಂದು ಬಗೆಯ ಲೆಕ್ಕವಿತ್ತು. ೧೯೦೭ರ ಅಲೆಯ ನೆನಪನ್ನು ಅವರು ‘ಸ್ಮೊಂಗ್’ ಎಂಬ ಒಂದು ಮಾತಿನಲ್ಲಿಟ್ಟು, ಅಜ್ಜಿಯರ ಕತೆಗಳಲ್ಲೂ ಜೋಗುಳಗಳಲ್ಲೂ ಉಳಿಸಿಕೊಂಡು ಬಂದಿದ್ದರು: ನೆಲ ಜೋರಾಗಿ ನಡುಗಿ ಕಡಲು ಹಿಂಜರಿದರೆ ಗುಡ್ಡಕ್ಕೆ ಓಡಬೇಕು. ೨೦೦೪ರಲ್ಲಿ ಆ ಮಾತನ್ನು ಕೂಗಿಕೊಂಡೇ ಓಡಿದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿದ್ದ ಆ ದ್ವೀಪದಲ್ಲಿ ಸತ್ತವರು ಏಳು ಮಂದಿ.