ರಟ್ಟಿನ ಪೆಟ್ಟಿಗೆಗೆ ಬಿದ್ದ ಬಿಸಿಲು

ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಬಂತೆಂದರೆ ಮಕ್ಕಳಿಗಿಂತ ಪಾಲಕರಿಗೇ ಹೆಚ್ಚು ಗಡಿಬಿಡಿ. ಅಂಗಡಿಯಿಂದ ಸೌರಫಲಕ, ಪುಟ್ಟ ಮೋಟಾರು ತಂದು ಅಪ್ಪನೇ ರಾತ್ರಿ ಕುಳಿತು ಜೋಡಿಸುತ್ತಾರೆ. ಮರುದಿನ ಫ್ಯಾನು ತಿರುಗುತ್ತದೆ. ಏಕೆ ತಿರುಗಿತೆಂದು ಕೇಳಿದರೆ ಮಗು ಅಪ್ಪನ ಮುಖ ನೋಡುತ್ತದೆ!

ಸೌರಶಕ್ತಿಯ ಪಾಠಕ್ಕೆ ಇಷ್ಟೆಲ್ಲ ಬೇಕಿಲ್ಲ. ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಇನ್ನೊಂದು ಚಿಕ್ಕ ಪೆಟ್ಟಿಗೆ, ನಡುವೆ ತುಂಬಲು ಹಳೆಯ ಪತ್ರಿಕೆ, ತಳಕ್ಕೆ ಕಪ್ಪು ಕಾಗದ, ಮೇಲೆ ಗಾಜು. ಇಷ್ಟಾದರೆ ಸೌರ ಒಲೆ ಸಿದ್ಧ. ಬೆಳಕು ಗಾಜನ್ನು ದಾಟಿ ಒಳಗೆ ಹೋಗುತ್ತದೆ. ಕಪ್ಪು ತಳ ಅದನ್ನು ಹೀರಿ ಬಿಸಿಯಾಗುತ್ತದೆ. ಆ ಬಿಸಿ ಹೊರಹೋಗದಂತೆ ಗಾಜು ತಡೆಯುತ್ತದೆ. ಜಿನೀವಾದ ವಿಜ್ಞಾನಿ ಸೊಸ್ಯೂರ್ 1767ರಲ್ಲಿ ಇದೇ ತತ್ತ್ವದ ಪೆಟ್ಟಿಗೆ ಮಾಡಿದ್ದ. ಮುಂದೆ ಆತ ಸುಧಾರಿಸಿದ ಪೆಟ್ಟಿಗೆಯ ಉಷ್ಣತೆ ನೀರಿನ ಕುದಿಬಿಂದುವನ್ನೂ ದಾಟಿತ್ತು.

ಮಕ್ಕಳು ಇಂಥ ಎರಡು ಪೆಟ್ಟಿಗೆ ಮಾಡಲಿ. ಒಂದರ ತಳಕ್ಕೆ ಕಪ್ಪು ಕಾಗದ, ಇನ್ನೊಂದಕ್ಕೆ ಬಿಳಿ. ಎರಡರಲ್ಲೂ ಒಂದೊಂದು ಲೋಟ ನೀರಿಟ್ಟು, ಹತ್ತು ನಿಮಿಷಕ್ಕೊಮ್ಮೆ ಪ್ರಯೋಗಾಲಯದ ಥರ್ಮಾಮೀಟರಿನಿಂದ ಅಳೆದು ಬರೆದುಕೊಳ್ಳಲಿ. ಜ್ವರ ನೋಡುವ ಥರ್ಮಾಮೀಟರು ಇದಕ್ಕೆ ಬೇಡ.

ನೀರು ಬಿಸಿಯಾದೀತು, ಕುದಿಯದೆಯೂ ಇದ್ದೀತು. ಮಗುವಿನ ಮುಖ ಬಾಡಿತೆಂದು ಹಿರಿಯರು ಕೈಹಾಕಬಾರದು. ಪಾಠ ಆರಂಭವಾಗುವುದೇ ಅಲ್ಲಿಂದ. ಸ್ವಚ್ಛ ಆಕಾಶದ ನಡುಹಗಲಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಬೀಳುವ ಬಿಸಿಲಿನ ಶಕ್ತಿ ಸುಮಾರು 1000 ವ್ಯಾಟ್. ಒಂದು ಚದರ ಮೀಟರೆಂದರೆ ಸುಮಾರು 11 ಚದರ ಅಡಿ. ಒಂದಡಿ ಉದ್ದ, ಒಂದಡಿ ಅಗಲದ ಗಾಜಿಗೆ ಸಿಗುವುದು 90 ವ್ಯಾಟ್ ಮಾತ್ರ. ಹಾಗಾದರೆ ಇನ್ನಷ್ಟು ಬಿಸಿಲು ಹಿಡಿಯುವುದು ಹೇಗೆ? ಮುಚ್ಚಳಕ್ಕೆ ಬೆಳ್ಳಿ ಕಾಗದ ಅಂಟಿಸಿ ಓರೆಯಾಗಿ ನಿಲ್ಲಿಸುವ ಉಪಾಯ ಮಗುವಿಗೇ ಹೊಳೆಯಲಿ.

ಇಷ್ಟು ತಿಳಿದ ಮಗುವಿಗೆ ಪಾವಗಡದ ಸೌರ ಪಾರ್ಕಿನ ಗುಟ್ಟೂ ಅರ್ಥವಾಗುತ್ತದೆ. 2050 ಮೆಗಾವ್ಯಾಟ್ ಸಾಮರ್ಥ್ಯದ ಆ ಪಾರ್ಕಿಗೆ ಸುಮಾರು 13,000 ಎಕರೆ ಜಮೀನು ಬೇಕಾಯಿತು. ಬಿಸಿಲಿಗೆ ಬೆಲೆಯಿಲ್ಲ, ನಿಜ. ಆದರೆ ಅದು ಚೆಲ್ಲಿಕೊಂಡು ಬೀಳುತ್ತದೆ. ಹಿಡಿಯಲು ಜಾಗ ಬೇಕು, ಮೋಡ ಕವಿದರೆ ಕಾಯಬೇಕು.

ಹಿರಿಯರ ಕೆಲಸ ಇಷ್ಟೇ: ಗಾಜಿನ ಅಂಚಿಗೆ ಟೇಪು ಸುತ್ತುವುದು, ಸೂರ್ಯನನ್ನಾಗಲಿ ಬೆಳ್ಳಿ ಕಾಗದದ ಹೊಳಪನ್ನಾಗಲಿ ದಿಟ್ಟಿಸದಂತೆ ಎಚ್ಚರಿಸುವುದು, ಬಿಸಿ ಲೋಟವನ್ನು ಬಟ್ಟೆಯಿಂದ ಹಿಡಿಸುವುದು. ಪೆಟ್ಟಿಗೆ ಸೊಟ್ಟಗಿದ್ದರೂ ಚಿಂತೆಯಿಲ್ಲ. ಪಕ್ಕದಲ್ಲಿ ಮಗು ತಾನೇ ಅಳೆದು ಬರೆದ ಅಂಕಿಗಳ ಹಾಳೆ ಇದ್ದರೆ ಸಾಕು.