ಒಗರಿನ ಹದ

ಬೋರ್ದೋ ಪ್ರಾಂತದ ಕೆಂಪು ದ್ರಾಕ್ಷಾಮದ್ಯವನ್ನು ವರ್ಣಿಸುವ ರಸಿಕರು ಅದರ ಬಣ್ಣವನ್ನೂ ಪರಿಮಳವನ್ನೂ ಮೊದಲು ಹೊಗಳುತ್ತಾರೆ. ನನಗಾದರೋ ಅದರ ಜೀವ ಒಗರಿನಲ್ಲಿದೆಯೆಂದು ತೋರುತ್ತದೆ. ಷಡ್ರಸಗಳಲ್ಲಿ ಒಗರಿಗೂ ಸ್ಥಾನವಿತ್ತ ನಮಗೆ ಈ ಮಾತು ವಿಚಿತ್ರವೆನಿಸಲಾರದು.

ಆ ಒಗರನ್ನು ಮುಖ್ಯವಾಗಿ ಕೊಡುವುದು ಕಾಬೆರ್ನೇ ಸೋವಿನ್ಯೋಂ ಎಂಬ ದ್ರಾಕ್ಷಿ. ಅದರದು ಸಣ್ಣ ಹಣ್ಣು, ದಪ್ಪ ಸಿಪ್ಪೆ, ಮಾಗುವುದು ತಡ. ಜಿರೋಂದ್ ನದೀಮುಖದ ಎಡದಂಡೆಯ ಗರಸು ನೆಲ ಬಿಸಿಲ ಕಾವನ್ನು ಹಿಡಿದಿಟ್ಟು ಅದನ್ನು ಮಾಗಿಸುತ್ತದೆ. ಬಲದಂಡೆಯ ಕಡೆ, ಪೊಮೆರೋಲ್‌ನ ತಂಪು ಜೇಡಿನೆಲದಲ್ಲಿ, ಬೇಗ ಮಾಗುವ ಮೃದುವಾದ ಮೆರ್ಲೋ ಒಲಿಯುತ್ತದೆ. ಒಂದು ಎಲುಬಾದರೆ ಇನ್ನೊಂದು ಮಾಂಸ. ವಸಂತದ ಹಿಮ ಬೇಗ ಚಿಗುರುವ ಮೆರ್ಲೋವನ್ನು ಸುಟ್ಟೀತು. ಶರತ್ಕಾಲದ ಮಳೆ ಕಾಬೆರ್ನೇಯನ್ನು ಕೆಡಿಸೀತು. ಎರಡನ್ನೂ ಬೆಳೆದ ರೈತನಿಗೆ ಒಂದಾದರೂ ಕೈಹಿಡಿಯುತ್ತದೆ. ಹೀಗೆ ಈ ಬೆರಕೆ ನಾಲಗೆಯ ವಿಲಾಸವೂ ಹೌದು, ಒಕ್ಕಲಿನ ಮುಂದಾಲೋಚನೆಯೂ ಹೌದು.

ಆ ಲೆಕ್ಕ ಈಗ ತಪ್ಪುತ್ತಿದೆ. ಬಿಸಿಲೇರಿದಂತೆ ಮೆರ್ಲೋ ಅವಸರದಲ್ಲಿ ಮಾಗುತ್ತಿದೆ. ಸಕ್ಕರೆ ಹೆಚ್ಚಿ ಅಮಲೇರುತ್ತಿದೆ, ಹುಳಿ ಇಳಿಯುತ್ತಿದೆ. ಆದುದರಿಂದಲೇ 2021ರಲ್ಲಿ ಸಾಮಾನ್ಯ ಬೋರ್ದೋ ವರ್ಗಕ್ಕೆ ಪೋರ್ಚುಗಲ್ಲಿನ ತೂರಿಗ ನಾಸಿಯೊನಾಲ್ ಮೊದಲಾದ ನಾಲ್ಕು ಕೆಂಪು ತಳಿಗಳನ್ನು ಪ್ರಯೋಗಾರ್ಥವಾಗಿ ಒಪ್ಪಿಕೊಂಡರು. ತೋಟದಲ್ಲಿ ಶೇಕಡ 5, ಬೆರಕೆಯಲ್ಲಿ ಶೇಕಡ 10 ಅವುಗಳ ಮಿತಿ.

ಪರಕೀಯರು ಬಂದ ಮೇಲೆ ಬೋರ್ದೋ ತನ್ನತನವನ್ನು ಉಳಿಸಿಕೊಂಡೀತೇ? 1956ರ ಫೆಬ್ರುವರಿಯ ಹಿಮಕ್ಕೆ ಅಪಾರ ಬಳ್ಳಿಗಳು ಸತ್ತವು. ಅನಂತರ ಮಾಲ್ಬೆಕ್ ಹಿಂದೆ ಸರಿದು ಮೆರ್ಲೋ ಹರಡಿತು. ಆದರೂ ಬೋರ್ದೋ ಬೋರ್ದೋ ಆಗಿಯೇ ಉಳಿಯಿತು. ಒಗರನ್ನೂ ಮಾರ್ದವವನ್ನೂ ತೂಗಿ ಹೊಂದಿಸುವ ಹದವನ್ನು ಅಲ್ಲಿಯ ಜನ ಮರೆತಿರಲಿಲ್ಲ. ಇನ್ನು ಮುಂದೆಯೂ ಅವರು ಕಾಯಬೇಕಾದುದು ಅದನ್ನೇ ಎಂದು ನನ್ನ ನಂಬಿಕೆ.